ಬಿಟ್ಟುಕೊಟ್ಟ ಬಾಕಿ

ತೊಂಡೇಬಾವಿ
9 ಜನವರಿ 2022

ಷಮೀಮಕ್ಕನಿಗೆ ಯಾಮಿನಿ ಮಾಡುವ ನಮಸ್ಕಾರ.

ನನ್ನ ಫೋನ್ ಮಾರಿಬಿಟ್ಟೆ. ನಮ್ಮಿಬ್ಬರಿಗೆ ಅದರಿಂದ ನಷ್ಟವೇನಿಲ್ಲ. ರೇಷ್ಮೆ ನೂಲು ಹುರಿ ಮಾಡುವ ಮಿಷನ್ನುಗಳ ಸದ್ದಿಗೆ ನಿಮ್ಮ ಕಿವಿ ಹೋದಾಗಿನಿಂದ ನಮ್ಮ ಮಾತೆಲ್ಲ ಕಾಗದದಲ್ಲೇ ನಡೆದಿದೆ. ಆದರೆ ಬೆಳಿಗ್ಗೆ ಹಲ್ಲುಜ್ಜುವಾಗ ಫೈನಾನ್ಸಿನವರು, ಊಟಕ್ಕೆ ಕೂತಾಗ ಬ್ಯಾಂಕಿನವರು ಅಂತ ಅದು ಬಡಿದುಕೊಳ್ಳುತ್ತಲೇ ಇತ್ತು. ಈಗ ಮನೆ ಎಷ್ಟು ಸುಮ್ಮನಿದೆಯೆಂದರೆ ನನಗೇ ಭಯವಾಗುತ್ತದೆ.

ಬೇರೆಯವರ ಬಾಯಿಂದ ನಿಮಗೆ ತಿಳಿಯುವ ಮೊದಲು ನಾನೇ ಹೇಳಬೇಕು. ನಾನು ಐ.ಪಿ. ಹಾಕುತ್ತಿದ್ದೇನೆ, ದಿವಾಳಿಯ ಅರ್ಜಿ. ನಮ್ಮ ಕಡೆ ಈ ಮಾತನ್ನು ಬೈಗುಳದ ಹಾಗೆ ಆಡುತ್ತಾರೆ. 'ಅವನು ಐ.ಪಿ. ಇಟ್ಟ' ಅಂದರೆ ಜನರ ದುಡ್ಡು ನುಂಗಿದ ಅಂತಲೇ ಅರ್ಥ. ನಾನು ನುಂಗಿಲ್ಲ ಅಕ್ಕ. ನನ್ನ ಸೀರೆಗಳನ್ನೆಲ್ಲ ಕೊಳ್ಳುತ್ತಿದ್ದ ಬೆಂಗಳೂರಿನ ಅಂಗಡಿ ಕೊರೊನಾ ಕಾಲದಲ್ಲಿ ಬಾಗಿಲು ಮುಚ್ಚಿತು. ಅವರು ನನಗೆ ಕೊಡಲಿಲ್ಲ, ನಾನು ನಿಮಗೆ ಕೊಡಲಿಲ್ಲ. ಆರು ಮಗ್ಗವನ್ನೂ ಕೋರ್ಟಿಗೆ ಒಪ್ಪಿಸಿ, ದಿವಾಳಿ ಅಂತ ಹೇಳಿಸಿಕೊಳ್ಳದೆ ಬೇರೆ ದಾರಿ ಉಳಿದಿಲ್ಲ ಅಂತ ಚಿಕ್ಕಬಳ್ಳಾಪುರದ ವಕೀಲರು ಹೇಳಿದರು. ಅದನ್ನು ಕೇಳಿ ನಮ್ಮ ಯಜಮಾನರು ಮೋಹನ್‌ಬಾಬು ಎದ್ದರು. ಮಗ್ಗದ ಮನೆಗೆ ಹೋಗಿ, ಓಡದ ಮಗ್ಗಗಳಿಗೆಲ್ಲ ಎಣ್ಣೆ ಬಿಟ್ಟು ಬಂದರು.

ಅರ್ಜಿಯ ಜೊತೆ ಯಾರಿಗೆಲ್ಲ ಕೊಡಬೇಕೋ ಅವರ ಹೆಸರಿನ ಪಟ್ಟಿ ಕೊಡಬೇಕಂತೆ. ಬ್ಯಾಂಕು ಬಿಟ್ಟರೆ ನಿಮ್ಮದೇ ದೊಡ್ಡ ಬಾಕಿ. ಮೊದಲ ಮಗ್ಗ ಹಾಕಿದಾಗ ಹೊಸಬಳು ಅಂತ ಯಾರೂ ನೂಲು ಉದ್ರಿ ಕೊಡಲಿಲ್ಲ. ನೀವು ಕೊಟ್ಟಿರಿ. ಫೈನಾನ್ಸಿನವರ ಹೆಸರಿನ ಕೆಳಗೆ ನಿಮ್ಮ ಹೆಸರು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯಬೇಕಂತೆ. ಕ್ಷಮಿಸಿ.

ಯಾಮಿನಿ

*

ಶಿಡ್ಲಘಟ್ಟ
20 ಜನವರಿ 2022

ತಂಗಿ ಯಾಮಿನಿಗೆ ದುವಾ.

ನಿನ್ನ ಕಾಗದ ಓದಿ ಅಂದು ಫ್ಯಾಕ್ಟರಿಗೆ ಹೋಗಲಿಲ್ಲ. ಮನೆಯಲ್ಲೇ ಕೂತು ಯೋಚಿಸಿದೆ. ಆ ಪಟ್ಟಿಯಲ್ಲಿ ನನ್ನ ಹೆಸರು ಬೇಡ. ಕೋರ್ಟಿನಲ್ಲಿ ನಿನ್ನ ಎದುರು ಪಕ್ಷದಲ್ಲಿ ನಿಲ್ಲುವವಳು ನಾನಲ್ಲ.

ಜಾಹಿದನಿಗೆ ಹೇಳಿದೆ. ಅವನು ಮೊದಲು ರೇಗಿದ. ಮೂರು ವರ್ಷದ ನೂಲಿನ ದುಡ್ಡು ಅಂದ, ಊರಿನವರು ನಗುತ್ತಾರೆ ಅಂದ. ಫ್ಯಾಕ್ಟರಿ ಇನ್ನೂ ನನ್ನ ಹೆಸರಿನಲ್ಲೇ ಇದೆಯಪ್ಪ, ಬಾಕಿಯೂ ನನ್ನದೇ ಅಂದೆ. ಆಮೇಲೆ ಯಾಕೋ ಮೆತ್ತಗಾದ. ಬಾಯಿಮಾತಲ್ಲಿ ಬಿಟ್ಟರೆ ನಾಳೆ ತಕರಾರು, ಸರಿಯಾಗಿ ಬರೆದುಕೊಡು ಅಂತ ಅವನೇ ಛಾಪಾ ಕಾಗದ ತಂದು ಟೈಪ್ ಮಾಡಿಸಿದ. ಮಗನಿಗೂ ದೊಡ್ಡ ಮನಸ್ಸಿದೆ ಅಂತ ನನಗೆ ಸಮಾಧಾನವಾಯಿತು.

ಆ ಕಾಗದ ಇದರ ಜೊತೆ ಇಟ್ಟಿದ್ದೇನೆ. ನಿನ್ನಿಂದ ನನಗೆ ಇನ್ನು ಏನೂ ಬರಬೇಕಾಗಿಲ್ಲ ಅಂತ ಅದರಲ್ಲಿದೆ. ನಾನು ಅಳದೆ ಸಹಿ ಮಾಡಿದೆ. ನೀನೂ ಅಳಬೇಡ.

ಷಮೀಮ್

*

ತೊಂಡೇಬಾವಿ
27 ಫೆಬ್ರವರಿ 2022

ಷಮೀಮಕ್ಕನಿಗೆ,

ನಿಮ್ಮ ಕಾಗದವನ್ನು ವಕೀಲರ ಮುಂದೆ ಇಟ್ಟೆ. ಅವರು ಎರಡು ಸಲ ಓದಿದರು. 'ಇಂಥೋರು ಇನ್ನೂ ಇದಾರೇನಮ್ಮ' ಅಂದರು. ನಿಮ್ಮ ಹೆಸರು ಪಟ್ಟಿಯಿಂದ ತೆಗೆದರು. ಆ ದಿನ ಕೋರ್ಟಿನ ಮೆಟ್ಟಿಲು ಇಳಿಯುವಾಗ ನಾನು ತಲೆ ಎತ್ತಿಕೊಂಡೇ ಇಳಿದೆ.

ಅರ್ಜಿ ಹಾಕಿದ್ದಾಯಿತು. ಅದು ನಡೆದು ಮುಗಿಯಲು ವರ್ಷಗಳೇ ಬೇಕಂತೆ. ಮಗ್ಗಗಳನ್ನು ಕೋರ್ಟಿನವರ ವಶಕ್ಕೆ ಬಿಟ್ಟೆವು. ಬೀಗ ಹಾಕಲು ಬಂದವನು ತುಂಬ ಸಾಧು ಮನುಷ್ಯ, ಒಳಗೆ ಹೋಗುವಾಗ ಚಪ್ಪಲಿ ಬಿಟ್ಟು ಹೋದ. ಅಷ್ಟಕ್ಕೇ ನನಗೆ ಕಣ್ಣೀರು ಬಂತು.

ಮುಂದಿನ ತಿಂಗಳಿಂದ ಗೌರಿಬಿದನೂರಿನ ಗಾರ್ಮೆಂಟ್ಸಿಗೆ ಹೋಗುತ್ತೇನೆ. ವ್ಯಾನು ರೈಲ್ವೆ ಗೇಟಿನ ಹತ್ತಿರ ಬರುತ್ತದೆ. ಸೀರೆ ನೇಯ್ದವಳು ಅಂಗಿಯ ಕಾಲರ್ ಹೊಲಿಯುತ್ತೇನೆ. ಮೋಹನ್‌ಬಾಬು ಮಂಚೇನಹಳ್ಳಿಯಲ್ಲಿ ಯಾರದೋ ಟೆಂಪೊ ಓಡಿಸುತ್ತಾರೆ. 'ಪೋನೀಲೇ' ಅನ್ನುತ್ತಾರೆ, ಎಲ್ಲದಕ್ಕೂ. ಅವರಮ್ಮನ ಮನೆಯ ತೆಲುಗು ಅದು. ಹೋಗಲಿ ಬಿಡು ಅಂತ. ಹೋಗುವುದೆಲ್ಲ ಹೋಗಿದೆ, ಇನ್ನು ಬಿಡುವುದಕ್ಕೆ ಏನಿದೆ ಅಂತ ನಾನು ನಗುತ್ತೇನೆ.

ನಿಮ್ಮ ಯಾಮಿನಿ

*

ಶಿಡ್ಲಘಟ್ಟ
2 ಏಪ್ರಿಲ್ 2024

ತಂಗಿ ಯಾಮಿನಿಗೆ,

ಜಾಹಿದನ ಮಗಳು ಇಫ್ರಾಗೆ ಮದುವೆ ಗೊತ್ತಾಯಿತು. ಹುಡುಗ ಚಿಂತಾಮಣಿಯವನು, ಹಾರ್ಡ್‌ವೇರ್ ಅಂಗಡಿ. ಮೇ ಹನ್ನೆರಡಕ್ಕೆ ನಿಕಾಹ್. ಕಾರ್ಡು ಇಟ್ಟಿದ್ದೇನೆ, ಆದರೆ ಕಾರ್ಡು ನೋಡಿ ಬರುವವಳಲ್ಲ ನೀನು. ಹಿಂದಿನ ದಿನವೇ ಬಾ. ಮಗುವಾಗಿದ್ದಾಗ ಇಫ್ರಾ ನಿನ್ನ ಮಗ್ಗದ ಕೆಳಗೆ ಮಲಗಿ ನಿದ್ದೆ ಮಾಡುತ್ತಿದ್ದಳಲ್ಲ, ಅವಳೇ ನಿನ್ನನ್ನು ಕೇಳುತ್ತಾಳೆ.

ನಮ್ಮ ಮನೆಯಲ್ಲೂ ಸುಖದ ಕಾಲವೇನಲ್ಲ. ಆದರೂ ಒಂದು ವರ್ಷ ತೆರಿಗೆ ಬಹಳ ಕಡಿಮೆ ಬಂದು, ಆ ದುಡ್ಡಿಗೆ ಸ್ವಲ್ಪ ಸಾಲ ಸೇರಿಸಿ ಜಾಹಿದ್ ಎರಡು ಹೊಸ ಮಿಷನ್ ಹಾಕಿದ. ಅದನ್ನು ಆಮೇಲೆ ಇಲಾಖೆಯವರು ಕೆದಕಿದರಂತೆ, ಏನೇನೋ ಕಾಗದ ಕೇಳಿದರಂತೆ. ಅವನು ಕೊಟ್ಟ, ಮುಗಿಯಿತು. ನಾನು ಸಹಿ ಹಾಕು ಅಂದಲ್ಲಿ ಹಾಕುತ್ತೇನೆ, ಅಷ್ಟೆ.

ಖಂಡಿತ ಬಾ.

ಷಮೀಮ್

*

ತೊಂಡೇಬಾವಿ
16 ಮೇ 2024

ಷಮೀಮಕ್ಕನಿಗೆ,

ಇಫ್ರಾಳ ಮದುವೆಗೆ ಬರಲಾಗಲಿಲ್ಲ. ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ. ಅವಳಿಗೆ ನನ್ನ ಆಶೀರ್ವಾದ ತಿಳಿಸಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ.

ಯಾಮಿನಿ

*

ಶಿಡ್ಲಘಟ್ಟ
30 ಆಗಸ್ಟ್ 2024

ಯಾಮಿನಿಗೆ,

ಮೇ ಹನ್ನೆರಡು ಭಾನುವಾರ. ಭಾನುವಾರ ಯಾವ ಫ್ಯಾಕ್ಟರಿಯಮ್ಮ?

ಇಷ್ಟು ದಿನ ಬರೆಯಬಾರದು ಅಂತಲೇ ಇದ್ದೆ. ಮದುವೆ ಮನೆಯಲ್ಲಿ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ, ಕರೆದರೆ ನನಗೆ ಕೇಳಿಸುವುದಿಲ್ಲ ಅಂತ. ಮೇಲೂರಿನ ಹುರಿಗಾರರೆಲ್ಲ ಬಂದರು. ನೀನು ಬರಲಿಲ್ಲ. ಆಮೇಲೆ ನಾಲ್ಕು ಸಾಲಿನ ಕಾಗದ ಬಂತು. ಬ್ಯಾಂಕಿಗೆ ಬರೆಯುವಾಗ ಇನ್ನೂ ನಾಲ್ಕು ಸಾಲು ಹೆಚ್ಚು ಬರೆಯುತ್ತಾರೆ.

ಜಾಹಿದನನ್ನು ಕೇಳಿದೆ. ಅವನು ಮುಖ ತಿರುಗಿಸಿ, ಉಪಕಾರ ಮಾಡಿದವರ ಮುಖ ನೋಡಲು ಜನಕ್ಕೆ ಕಷ್ಟವಾಗುತ್ತದೆ ಬಿಡಮ್ಮ ಅಂತ ಬರೆದು ತೋರಿಸಿದ. ನೀನು ಹಾಗಲ್ಲ ಅಂದುಕೊಂಡಿದ್ದೆ. ನನ್ನ ಋಣ ನಿನಗೆ ಭಾರವಾಗಿದ್ದರೆ ಹಾಗೆಂದು ಹೇಳು. ನಾನು ಅದನ್ನು ಎಂದೂ ಋಣ ಅಂತ ಎಣಿಸಿರಲಿಲ್ಲ.

ಷಮೀಮ್

*

ತೊಂಡೇಬಾವಿ
11 ಸೆಪ್ಟೆಂಬರ್ 2024

ಷಮೀಮಕ್ಕನಿಗೆ,

ಬೈಸಿಕೊಳ್ಳಬೇಕಾದದ್ದೇ, ಬೈಸಿಕೊಂಡೆ. ರಜೆಯ ಮಾತು ಸುಳ್ಳು. ನಿಜ ಏನು ಅಂತ ಈಗ ಕೇಳಬೇಡಿ. ನೀವು ಮಾಡಿದ್ದು ನನಗೆ ಭಾರವಾಗಿಲ್ಲ, ಅದೊಂದನ್ನು ನಂಬಿ.

ಒಂದು ಒಳ್ಳೆಯ ಸುದ್ದಿ. ಕಳೆದ ತಿಂಗಳು ಕೋರ್ಟಿನಿಂದ ಬಿಡುಗಡೆಯ ಆದೇಶ ಬಂತು. ಮಗ್ಗ ಮಾರಿದ ಹಣವನ್ನು ಬ್ಯಾಂಕಿಗೂ ಫೈನಾನ್ಸಿಗೂ ಹಂಚಿದರು, ಉಳಿದದ್ದನ್ನು ಅವರು ಇನ್ನು ನನ್ನಿಂದ ಕೇಳುವ ಹಾಗಿಲ್ಲ. ದಿವಾಳಿ ಅನ್ನುವ ಹಣೆಪಟ್ಟಿ ಹೋಯಿತು. ಮೋಹನ್‌ಬಾಬು ಒಂದು ಕಿಲೊ ಜಹಾಂಗೀರು ತಂದಿದ್ದರು.

ಇಫ್ರಾ ಗಂಡನ ಮನೆಯಲ್ಲಿ ಹೇಗಿದ್ದಾಳೆ? ಬರೆಯಿರಿ.

ಯಾಮಿನಿ

*

ಶಿಡ್ಲಘಟ್ಟ
18 ಫೆಬ್ರವರಿ 2025

ತಂಗಿ ಯಾಮಿನಿಗೆ,

ನನಗೆ ಎಲ್ಲ ಗೊತ್ತಾಯಿತು. ನಿನ್ನ ಬಾಕಿಯ ವಿಚಾರದಲ್ಲಿ ತೆರಿಗೆ ಇಲಾಖೆಯಿಂದ ನನ್ನ ಹೆಸರಿಗೂ ಒಂದು ಕಾಗದ ಬಂತು. ಜಾಹಿದ್ ಊರಲ್ಲಿರಲಿಲ್ಲ, ನಾನೇ ಒಡೆದೆ. ಇಂಗ್ಲಿಷು ನನಗೆ ಬರದು, ಆದರೆ ನಿನ್ನ ಹೆಸರನ್ನು ಗುರುತು ಹಿಡಿಯಲು ಬರುತ್ತದೆ. ಅವನು ಬಂದ ಮೇಲೆ ಕೂರಿಸಿಕೊಂಡು ಕೇಳಿದೆ. ಅವನು ಬರೆದು ಬರೆದು ಹೇಳಿದ.

ನಾನು ಸಹಿ ಮಾಡಿದ ಕಾಗದವನ್ನು ಅವನು ಲೆಕ್ಕಕ್ಕೆ ಹಿಡಿದಿದ್ದನಂತೆ. ವಸೂಲಾಗದ ಬಾಕಿ ಅಂತ ತೋರಿಸಿದರೆ ನಮ್ಮ ಆದಾಯದಲ್ಲಿ ಅಷ್ಟು ಕಳೆಯುತ್ತಾರಂತೆ. ಆ ವರ್ಷ ನಮ್ಮ ತೆರಿಗೆ ಕಡಿಮೆಯಾದದ್ದು ಅದಕ್ಕೇ. ನಿಜಕ್ಕೂ ಬಿಟ್ಟಿದ್ದೀರಾ ಅಂತ ಇಲಾಖೆಯವರು ಕೇಳಿದಾಗ ಅವನು ಆ ಕಾಗದವನ್ನೇ ಕೊಟ್ಟ. ಅವರು ಅದನ್ನು ಹಿಡಿದು ನಿನ್ನ ಬಾಗಿಲಿಗೆ ಬಂದರು. ನಾನು ಬಿಟ್ಟ ಬಾಕಿ ನಿನಗೆ ಆದಾಯವಂತೆ. ನಿನಗೆ ಬಂದದ್ದೇನು ಯಾಮಿನಿ? ಒಂದು ಪೈಸೆ ನಿನ್ನ ಕೈಗೆ ಬಂತೇ?

ಜಾಹಿದನ ಮೇಲೆ ಕೂಗಾಡಿದೆ. ನನ್ನ ದನಿ ಎಷ್ಟು ಜೋರು ಅಂತ ನನಗೆ ತಿಳಿಯುವುದಿಲ್ಲ, ಬೀದಿಯವರು ಬಾಗಿಲಿಗೆ ಬಂದಿದ್ದರು. ಅವನು ಅಲುಗಲಿಲ್ಲ. 'ಅಮ್ಮಿ, ನೀನು ಮನಸ್ಸಿಂದ ಬಿಟ್ಟೆ, ನಾನು ಲೆಕ್ಕಕ್ಕೆ ಬರ್ಕೊಂಡೆ. ಎರಡೂ ನಿಜಾನೇ. ನಾನೇನು ಕದ್ದಿಲ್ಲ' ಅಂತ ಬರೆದ. ಅದನ್ನು ಇಟ್ಟುಕೊಂಡಿದ್ದೇನೆ. ದಿನಾ ಓದುತ್ತೇನೆ. ತಪ್ಪು ಎಲ್ಲಿದೆ ಅಂತ ಸಿಗುವುದಿಲ್ಲ.

ಮಾರನೇ ದಿನ ಚಿಕ್ಕಬಳ್ಳಾಪುರಕ್ಕೆ ಹೋಗಿ ನಮ್ಮ ಆಡಿಟರು ಸಿದ್ಧಾರ್ಥ್ ಅವರನ್ನು ಕಂಡೆ. ನಾನು ಬಿಟ್ಟದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ, ಯಾಮಿನಿ ನನಗೆ ಪೂರ್ತಿ ಕೊಡಬೇಕು ಅಂತ ಬರೆದುಕೊಡುತ್ತೇನೆ ಅಂದೆ. ಅವರು ತುಂಬ ಹೊತ್ತು ಬರೆದರು. ನಮ್ಮ ತೆರಿಗೆಯ ಆದೇಶ, ನಿನ್ನ ತೆರಿಗೆಯ ಆದೇಶ ಎರಡೂ ಆಗಿಹೋಗಿವೆಯಂತೆ. ಈಗ ಬದಲಾಯಿಸಿದರೆ ನಾನು ಆಗ ಸುಳ್ಳು ಹೇಳಿದೆ ಅಂತಾಗುತ್ತದಂತೆ, ನನಗೆ ದಂಡ ಬೀಳುತ್ತದೆ, ನಿನಗೆ ಮಾತ್ರ ಏನೂ ಕಡಿಮೆಯಾಗುವುದಿಲ್ಲವಂತೆ. ದಂಡ ಬೀಳಲಿ ಅಂದೆ. ಅವರು ತಲೆಯಲ್ಲಾಡಿಸಿದರು.

ಒಂದು ವರ್ಷ ನೀನೊಬ್ಬಳೇ ಇದನ್ನು ಹೊತ್ತೆ. ಮದುವೆಗೆ ಬರಲಿಲ್ಲ ಅಂತ ನಾನು ನಿನ್ನನ್ನು ಬೈದು ಬರೆದೆ.

ಷಮೀಮ್

*

ತೊಂಡೇಬಾವಿ
9 ಮಾರ್ಚ್ 2025

ಷಮೀಮಕ್ಕನಿಗೆ,

ನಿಮಗೆ ತಿಳಿಯಬಾರದು ಅಂತಲೇ ಇದ್ದೆ. ನೋಟೀಸು ಬಂದದ್ದು ಮದುವೆಯ ಕಾರ್ಡಿನ ಹಿಂದೆಯೇ, ಅದೇ ವಾರ. ಅದನ್ನು ಒಳಗಿಟ್ಟುಕೊಂಡು ನಿಮ್ಮ ಮುಂದೆ ನಿಂತು ನಗಲು ಆಗುತ್ತಿರಲಿಲ್ಲ. ನಿಮಗೆ ಕಿವಿ ಕೇಳಿಸದಿದ್ದರೂ ಮುಖ ಓದುತ್ತೀರಿ.

ಗೌರಿಬಿದನೂರಿನ ಒಬ್ಬ ಆಡಿಟರು ಬಿಡಿಸಿ ಹೇಳಿದರು. ನಿಮ್ಮಿಂದ ತಂದ ನೂಲನ್ನು ನಾನು ಹಿಂದಿನ ವರ್ಷಗಳಲ್ಲಿ ಖರ್ಚು ಅಂತ ತೋರಿಸಿದ್ದೆ. ಆ ಖರ್ಚು ಕಳೆದೇ ನನ್ನ ತೆರಿಗೆ ಕಟ್ಟಿದ್ದೆ. ಈಗ ಕೊಡಬೇಕಾಗಿಲ್ಲ ಅಂದಮೇಲೆ ಅದು ಖರ್ಚೇ ಅಲ್ಲ, ಹಾಗಾಗಿ ಆದಾಯ. ಕೇಳಲು ಸರಿಯಾಗಿಯೇ ಇದೆ. 'ಕೊಡದೆ ಹಂಗೇ ಇಟ್ಕೊಂಡಿದ್ರೆ ಏನೂ ಇರ್ತಿರಲಿಲ್ಲಮ್ಮ. ಅವರು ಬಿಟ್ಟಿದ್ದಕ್ಕೇ ಬಂದಿರೋದು' ಅಂದರು.

ನನಗೆ ಲಕ್ಷಗಟ್ಟಲೆ ನಷ್ಟವಾಗಿದೆಯಲ್ಲ, ಅದರಲ್ಲಿ ಕಳೆಯಿರಿ ಅಂದೆ. ನಷ್ಟವಾದ ವರ್ಷದ ಲೆಕ್ಕವನ್ನು ಗಡುವಿನೊಳಗೆ ಸಲ್ಲಿಸಿದ್ದೀರಾ ಅಂತ ಕೇಳಿದರು. ಎಲ್ಲಿಂದ ಸಲ್ಲಿಸಲಿ? ಆಗ ಆಡಿಟರಿಗೆ ಕೊಡಲು ಕೈಯಲ್ಲಿ ಕಾಸಿರಲಿಲ್ಲ, ಬಾಗಿಲಲ್ಲಿ ಫೈನಾನ್ಸಿನವರು ಕೂತಿದ್ದರು. ಗಳಿಸಿದ್ದನ್ನು ಹೇಳದಿದ್ದರೆ ತಪ್ಪು ಅಂತ ಗೊತ್ತಿತ್ತು. ಮುಳುಗಿದ್ದನ್ನೂ ಹೊತ್ತಿಗೆ ಸರಿಯಾಗಿ ಹೇಳಬೇಕು ಅಂತ ಯಾರಿಗೆ ಗೊತ್ತಿತ್ತು ಅಕ್ಕ?

ಕೊನೆಗೆ ಕೋರ್ಟಿನ ಬಿಡುಗಡೆ ಕಾಗದ ತೋರಿಸಿದೆ. ಅವರು ಅದನ್ನು ಮಡಿಸಿ ವಾಪಸು ಕೊಟ್ಟರು. ಬ್ಯಾಂಕಿನಿಂದ, ಫೈನಾನ್ಸಿನಿಂದ ಬಿಡುಗಡೆ ಉಂಟು, ಸರ್ಕಾರಕ್ಕೆ ಕೊಡಬೇಕಾದದ್ದರಿಂದ ಇಲ್ಲವಂತೆ. ನಿಮ್ಮ ಹೆಸರೂ ಆ ಪಟ್ಟಿಯಲ್ಲಿ ಇದ್ದಿದ್ದರೆ ಇಷ್ಟು ತೊಡಕಾಗುತ್ತಿರಲಿಲ್ಲವೇನೋ, ಖಚಿತವಾಗಿ ಹೇಳಲಾರೆ ಅಂದರು. ಈ ಮಾತು ನಿಮಗೆ ಬರೆಯಬೇಕೋ ಬೇಡವೋ ಅಂತ ತುಂಬ ಯೋಚಿಸಿದೆ. ಬಚ್ಚಿಟ್ಟು ನಿಮ್ಮನ್ನು ಒಮ್ಮೆ ನೋಯಿಸಿದ್ದಾಯಿತು.

ಮೇಲ್ಮನವಿ ಹಾಕಿದ್ದೇವೆ. ಅದು ತೀರ್ಮಾನವಾಗುವ ತನಕ ವಸೂಲಿ ನಿಲ್ಲಬೇಕಾದರೆ ಐದರಲ್ಲಿ ಒಂದು ಪಾಲು ಮೊದಲೇ ಕಟ್ಟಬೇಕಂತೆ. ಕಟ್ಟಲಿಲ್ಲ. ಹೋದ ವಾರ ಸಂಬಳ ತೆಗೆಯಲು ಹೋದಾಗ ಖಾತೆ ಬಂದ್ ಮಾಡಿದ್ದಾರೆ ಅಂತ ಬ್ಯಾಂಕಿನ ಹುಡುಗಿ ಹೇಳಿದಳು. ಹಿಂದೆ ಸಾಲಿನಲ್ಲಿ ನನ್ನ ಫ್ಯಾಕ್ಟರಿಯವರೇ ನಿಂತಿದ್ದರು. ಮಿಷನ್ ಕೆಟ್ಟಿದೆಯಂತೆ ಅಂತ ಅವರಿಗೆ ಹೇಳಿ ಹೊರಗೆ ಬಂದೆ.

ನಿಮ್ಮ ತಪ್ಪಿಲ್ಲ. ಜಾಹಿದನದೂ ಇಲ್ಲ. ಅವನಿಗೂ ಸಾಲವಿದೆ, ಮಿಷನ್ನುಗಳಿವೆ. ಅವನನ್ನು ಬೈಯಬೇಡಿ.

ಯಾಮಿನಿ

*

ಶಿಡ್ಲಘಟ್ಟ
21 ಜೂನ್ 2025

ತಂಗಿ ಯಾಮಿನಿಗೆ,

ಇಷ್ಟು ತಡವಾದದ್ದಕ್ಕೆ ಬೇಸರ ಮಾಡಬೇಡ. ನನ್ನ ಬಳೆಗಳನ್ನು ಮಾರಲು ತೆಗೆದೆ. ಅವು ನನ್ನ ಯಜಮಾನರು ಕರೀಂ ಸಾಬರು ಮಾಡಿಸಿದ್ದು, ಜಾಹಿದನಿಗೆ ಅವುಗಳ ಮೇಲೆ ಮಾತಿಲ್ಲ. ಆ ದುಡ್ಡಿನಲ್ಲಿ ನಿನ್ನ ತೆರಿಗೆ ಕಟ್ಟಿಬಿಡೋಣ ಅಂತ ಮತ್ತೆ ಸಿದ್ಧಾರ್ಥರ ಹತ್ತಿರ ಹೋದೆ. ಈ ಸಲ ಕೇಳಿಯೇ ಮಾಡೋಣ ಅಂತ. ಒಮ್ಮೆ ಕೇಳದೆ ಮಾಡಿದ್ದಕ್ಕೆ ಇಷ್ಟಾಯಿತಲ್ಲ.

ಅವರು ಬರೆದು ಕೇಳಿದರು: 'ಯಾಮಿನಿಯವರು ನಿಮಗೆ ಏನಾಗಬೇಕು?'

'ತಂಗಿ' ಅಂದೆ.

'ಒಡಹುಟ್ಟಿದೋರಾ?'

ಅಲ್ಲ ಅಂದೆ. ಅವರು ಪೆನ್ನು ಕೆಳಗಿಟ್ಟರು. ಮತ್ತೆ ಎತ್ತಿಕೊಂಡು ಬರೆದರು. 'ಸ್ವಂತ ಅಕ್ಕತಂಗಿ ಆಗಿದ್ರೆ ಎಷ್ಟು ಕೊಟ್ರೂ ಕೇಳೋರಿಲ್ಲಮ್ಮ. ಹೊರಗಿನೋರು ವರ್ಷಕ್ಕೆ ಐವತ್ತು ಸಾವಿರದ ಮೇಲೆ ಕೊಟ್ರೆ ಅದೂ ಅವ್ರ ಆದಾಯಾನೇ. ಅದಕ್ಕೂ ತೆರಿಗೆ.'

ಐವತ್ತರೊಳಗೆ ಕೊಡುತ್ತೇನೆ, ವರ್ಷ ವರ್ಷ ಕೊಡುತ್ತೇನೆ ಅಂದೆ. ಅಷ್ಟು ನಿನ್ನ ಬಾಕಿಯ ಬಡ್ಡಿಗೇ ಸರಿಹೋಗುತ್ತದಂತೆ. ಅಸಲು ಕೂತಲ್ಲೇ ಕೂತಿರುತ್ತದಂತೆ. ಹಾಗಾದರೆ ಸಾಲ ಅಂತ ಕೊಡಿ, ಅದಕ್ಕೆ ತೆರಿಗೆಯಿಲ್ಲ, ಆದರೆ ಅದು ನಿಜವಾಗಿ ಸಾಲವಾಗಿರಬೇಕು, ವಾಪಸು ಪಡೆಯಬೇಕು ಅಂದರು.

ಬಸ್ಸಿನಲ್ಲಿ ಬರುತ್ತಾ ಲೆಕ್ಕ ಹಾಕಿದೆ. ಸಾಲವೆಂದೇ ಕೊಡುತ್ತೇನೆ. ನೀನು ಆದಾಗ ಕೊಡು. ಒಪ್ಪಿಕೋ ಯಾಮಿನಿ. ನಿನ್ನ ಒಪ್ಪಿಗೆ ಬಂದ ದಿನ ಚಿನ್ನದ ಅಂಗಡಿಗೆ ಹೋಗುತ್ತೇನೆ.

ಷಮೀಮ್

*

ತೊಂಡೇಬಾವಿ
6 ಜುಲೈ 2025

ಷಮೀಮಕ್ಕನಿಗೆ,

ಬೇಡ. ಬಳೆ ನಿಮ್ಮ ಕೈಯಲ್ಲೇ ಇರಲಿ.

ನಾನು ಮತ್ತೆ ನಿಮ್ಮ ಸಾಲಗಾರಳಾಗಲಾರೆ. ನನ್ನಿಂದ ತೀರಿಸಲಾಗುವುದಿಲ್ಲ ಅಂತ ನನಗೆ ಗೊತ್ತು, ನೀವು ಕೇಳುವುದಿಲ್ಲ ಅಂತ ನಿಮಗೆ ಗೊತ್ತು. ಅದು ಸಾಲವಲ್ಲ. ಎಂದೋ ಒಂದು ದಿನ ನಿಮಗೆ ಬಿಟ್ಟುಬಿಡೋಣ ಅನಿಸುತ್ತದೆ. ಆಗ ಏನಾಗುತ್ತದೋ ನನಗೆ ಗೊತ್ತಿಲ್ಲ, ತಿಳಿದುಕೊಳ್ಳುವ ಶಕ್ತಿಯೂ ಇಲ್ಲ.

ಇನ್ನೊಂದು ಮಾತು. ನೀವು ತಪ್ಪು ತಿಳಿಯಬಾರದು. ನಿಮ್ಮ ಕಾಗದ ಬಂದಾಗಲೆಲ್ಲ ಈಗ ನನಗೆ ಗಾಬರಿಯಾಗುತ್ತದೆ. ಪೋಸ್ಟಿನವನು ಸೈಕಲ್ ನಿಲ್ಲಿಸಿದರೆ ನೋಟೀಸೋ, ನೀವೋ ಅಂತ ಬಾಗಿಲಲ್ಲೇ ಕೈ ಬೆವರುತ್ತದೆ. ಎರಡೂ ಒಂದೇ ಕೈಯಿಂದ ಬರುತ್ತವೆ. ನಿಮ್ಮದು ಅಂತ ತಿಳಿದ ಮೇಲೂ ಬೆವರು ಆರುವುದಿಲ್ಲ. ಮೊದಲು ಹೀಗಿರಲಿಲ್ಲ.

ಮೇಲ್ಮನವಿಯ ತೀರ್ಮಾನ ಬರುವ ತನಕ ಬರೆಯಬೇಡಿ. ನಾನೂ ಬರೆಯುವುದಿಲ್ಲ.

ಯಾಮಿನಿ

*

ಶಿಡ್ಲಘಟ್ಟ
24 ನವೆಂಬರ್ 2025

ಯಾಮಿನಿ,

ಬರೆಯಬೇಡಿ ಅಂದಿದ್ದೆ ನೀನು. ನಾಲ್ಕು ತಿಂಗಳು ಬರೆಯಲಿಲ್ಲ. ಈ ಲಕೋಟೆಯ ಮೇಲೆ ನನ್ನ ಹೆಸರನ್ನು ದೊಡ್ಡದಾಗಿ ಕನ್ನಡದಲ್ಲಿ ಬರೆದಿದ್ದೇನೆ, ದೂರದಿಂದಲೇ ಕಾಣಲಿ, ನಿನಗೆ ಗಾಬರಿಯಾಗದಿರಲಿ ಅಂತ.

ನಿನ್ನ ಮೇಲ್ಮನವಿ ವಜಾ ಆಯಿತು ಅಂತ ಸಿದ್ಧಾರ್ಥ್ ತಿಳಿಸಿದರು. ನಿನ್ನ ಆಡಿಟರು ಅವರಿಗೆ ಹೇಳಿದ್ದರಂತೆ. ಮೇಲೆ ಇನ್ನೂ ಒಂದು ಕಡೆ ಹೋಗಬಹುದು, ಆದರೆ ಹೋಗುವುದಕ್ಕೂ ಖರ್ಚಿದೆ ಅಂದರು. ಆ ಸುದ್ದಿ ಕೇಳಿ ಮನೆಯಲ್ಲಿ ಕೂರಲಾಗಲಿಲ್ಲ. ಶನಿವಾರ ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಚಿಕ್ಕಬಳ್ಳಾಪುರದಲ್ಲಿ ಇಳಿದು, ಮಂಚೇನಹಳ್ಳಿ ಮೇಲೆ ಹೋಗುವ ಬಸ್ಸು ಹಿಡಿದು ತೊಂಡೇಬಾವಿಗೆ ಬಂದೆ. ನಿನ್ನ ಮನೆಗೆ ಬೀಗವಿತ್ತು. ರೈಲ್ವೆ ಗೇಟಿನ ಹತ್ತಿರ ಟೀ ಅಂಗಡಿಯ ಬೆಂಚಿನ ಮೇಲೆ ಕೂತೆ. ಏನು ಹೇಳಬೇಕು ಅಂತ ಯೋಚಿಸಿಕೊಂಡು ಬಂದಿರಲಿಲ್ಲ. ನಿನ್ನ ಕೈ ಹಿಡಿದುಕೊಳ್ಳಬೇಕು ಅಂತಷ್ಟೇ ಇತ್ತು.

ಸಂಜೆ ವ್ಯಾನು ಬಂತು. ಹೆಂಗಸರೆಲ್ಲ ಇಳಿದರು. ನೀನು ಕೊನೆಯಲ್ಲಿ ಇಳಿದೆ. ಸೊರಗಿದ್ದೀಯಮ್ಮ, ತುಂಬ. ಕೊರಳಲ್ಲಿ ಫ್ಯಾಕ್ಟರಿಯ ಕಾರ್ಡು, ತಲೆಗೂದಲಲ್ಲೆಲ್ಲ ಹತ್ತಿಯ ಧೂಳು. ನಿನ್ನ ಜೊತೆಗೆ ಒಬ್ಬಳು ದಪ್ಪನೆಯ ಹೆಂಗಸು ಇದ್ದಳು, ಹಸಿರು ಸ್ವೆಟರ್ ಹಾಕಿದ್ದಳು. ಅವಳು ಏನೋ ಹೇಳಿದಳು. ನೀನು ನಿಂತುಬಿಟ್ಟೆ, ನಕ್ಕೆ. ಸಣ್ಣ ನಗುವಲ್ಲ, ಅವಳ ಭುಜ ಹಿಡಿದುಕೊಂಡು ಬಗ್ಗಿ ನಕ್ಕೆ. ಕಣ್ಣು ಒರೆಸಿಕೊಂಡೆ. ಅವಳು ಮತ್ತೊಂದು ಮಾತು ಹೇಳಿದಳು, ಮತ್ತೆ ನಕ್ಕೆ.

ನಾನು ಎದ್ದು ನಿಂತಿದ್ದೆ. ನೀನು ನನ್ನ ಕಡೆಗೆ ಒಮ್ಮೆ ನೋಡಿದೆ. ನಾನು ಬುರ್ಖಾದಲ್ಲಿದ್ದೆ, ನಿನಗೆ ಗುರುತಾಗಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಬಂದಿದ್ದರೆ ಆಗುತ್ತಿತ್ತು. ಆದರೆ ನನ್ನನ್ನು ನೋಡಿದ ಕೂಡಲೇ ಆ ನಗು ನಿಂತುಹೋಗುತ್ತದೆ ಅಂತ ನನಗೆ ಗೊತ್ತಾಯಿತು. ಮತ್ತೆ ಕೂತೆ. ನೀವಿಬ್ಬರೂ ಗೇಟು ದಾಟಿ ಹೋದಿರಿ. ಆಮೇಲೆ ಬಸ್ಸು ಬಂತು.

ಇದಕ್ಕೆ ಉತ್ತರ ಬರೆಯಲೇಬೇಕು ಅಂತಿಲ್ಲ. ತೆರಿಗೆಯ ಮಾತು ಬೇಡ, ಕೋರ್ಟಿನ ಮಾತು ಬೇಡ. ಬರೆಯುವ ಮನಸ್ಸಾದರೆ ಇಷ್ಟು ಬರಿ. ಅವಳು ಏನು ಹೇಳಿದಳು? ನನಗೆ ಕೇಳಿಸಲಿಲ್ಲ.

ಷಮೀಮ್